ಬೇಡುವವರನ್ನೇ ತಿದ್ದುವ ಪ್ರಾರ್ಥನೆ

ಸೆಪ್ಟೆಂಬರ್ 8ರಂದು ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಎದುರು ಕಾಲಿಡಲು ಜಾಗವಿರುವುದಿಲ್ಲ. ಜನವರಿಯಲ್ಲಿ ಕಾರ್ಕಳದ ಬಳಿಯ ಅತ್ತೂರಿನಲ್ಲಿ ನಡೆಯುವ ಸಂತ ಲಾರೆನ್ಸರ ಜಾತ್ರೆಯಲ್ಲೂ ಹಾಗೆಯೇ ಜನ ನೆರೆಯುತ್ತಾರೆ. ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಕ್ರೈಸ್ತರ ಜೊತೆಗೆ ಬೇರೆ ಮತದವರೂ ದೊಡ್ಡ ಸಂಖ್ಯೆಯಲ್ಲಿರುತ್ತಾರೆ. ಮಗುವಿನ ಕಾಯಿಲೆ ವಾಸಿಯಾಗಬೇಕು, ಮಗಳ ಮದುವೆ ಕೂಡಿಬರಬೇಕು, ಸಾಲ ತೀರಬೇಕು ಎಂದು ಒಬ್ಬೊಬ್ಬರ ಮನಸ್ಸಿನಲ್ಲೂ ಒಂದೊಂದು ಬೇಡಿಕೆ. ಕ್ರೈಸ್ತರ ಪ್ರಾರ್ಥನೆ ಎಂದರೇನು ಎಂಬ ಪ್ರಶ್ನೆಗೆ ನಮ್ಮಲ್ಲಿ ಹೆಚ್ಚಿನವರಿಗೆ ಸಿಕ್ಕಿರುವ ಉತ್ತರ ಈ ಸಾಲುಗಳಿಂದ ಬಂದದ್ದು, ಇಲ್ಲವೇ ಟಿ.ವಿ.ಯಲ್ಲಿ ಕೈಯೆತ್ತಿ ಗಟ್ಟಿಯಾಗಿ ಪ್ರಾರ್ಥಿಸುವ ಬೋಧಕರಿಂದ ಬಂದದ್ದು. ಎರಡರಿಂದಲೂ ಮೂಡುವ ಚಿತ್ರ ಒಂದೇ: ದೇವರ ಮುಂದೆ ಅರ್ಜಿ ಇಡುವುದು, ಅದು ಮಂಜೂರಾಗಲೆಂದು ಕಾಯುವುದು. ಕಷ್ಟದಲ್ಲಿರುವ ಮನುಷ್ಯ ದೇವರನ್ನು ಬೇಡುವುದರಲ್ಲಿ ಕೀಳಾದದ್ದು ಏನೂ ಇಲ್ಲ. ಬೇಡಿರಿ ಎಂದು ಯೇಸುವೇ ತಮ್ಮ ಶಿಷ್ಯರಿಗೆ ಹೇಳಿಕೊಟ್ಟಿದ್ದಾರೆ. ಆದರೆ ಎರಡು ಸಾವಿರ ವರ್ಷಗಳಿಂದ ಕ್ರೈಸ್ತ ಬದುಕಿನ ನಡುಮಧ್ಯದಲ್ಲಿ ಪ್ರಾರ್ಥನೆ ನಿಂತಿರುವುದು ಬೇಡಿದ್ದು ಸಿಗುತ್ತದೆ ಎಂಬ ಒಂದೇ ಕಾರಣಕ್ಕಲ್ಲ. ಆ ಪರಂಪರೆಯ ಮೂಲ ಗ್ರಂಥಗಳನ್ನೂ ಅದನ್ನು ಬಾಳಿ ತೋರಿಸಿದವರನ್ನೂ ಗಮನಿಸಿದರೆ ಹೆಚ್ಚು ಆಳದ ಕಾರಣವೊಂದು ಕಾಣುತ್ತದೆ. ಪ್ರಾರ್ಥನೆ ಬೇಡುವವರ ಇಚ್ಛೆಯನ್ನೇ ತಿದ್ದುತ್ತದೆ. ಈ ತಿದ್ದುಪಡಿ ನಡೆಯದ ಕಡೆ ಕ್ರೈಸ್ತ ಬದುಕು ಹೆಸರಿಗಷ್ಟೇ ಉಳಿಯುತ್ತದೆ ಎಂಬುದು ಈ ಲೇಖನದ ವಾದ.

ಒಂದು ಷರತ್ತಿನ ಪ್ರಾರ್ಥನೆ

ಲೂಕನ ಸುವಾರ್ತೆಯ ಪ್ರಕಾರ, ಯೇಸು ಒಂದು ಸ್ಥಳದಲ್ಲಿ ಪ್ರಾರ್ಥಿಸಿ ಮುಗಿಸಿದಾಗ ಶಿಷ್ಯನೊಬ್ಬ ಬಂದು ತಮಗೂ ಪ್ರಾರ್ಥಿಸಲು ಕಲಿಸಬೇಕೆಂದು ಕೇಳಿಕೊಂಡ. ಈ ಕೋರಿಕೆಯೇ ಯೋಚಿಸತಕ್ಕದ್ದು. ಕೇಳಿದವನು ಯೆಹೂದ್ಯ. ಚಿಕ್ಕಂದಿನಿಂದ ಕೀರ್ತನೆಗಳನ್ನು ಕೇಳುತ್ತ, ಸಭಾಮಂದಿರದ ಪ್ರಾರ್ಥನೆಗಳನ್ನು ಹೇಳುತ್ತ ಬೆಳೆದವನು. ಪ್ರಾರ್ಥಿಸಲು ಬಾರದವನೇನಲ್ಲ. ಆದರೂ ಯೇಸು ಪ್ರಾರ್ಥಿಸುವುದನ್ನು ಕಂಡಾಗ ತಾನು ಇನ್ನೂ ಕಲಿಯಬೇಕಾದದ್ದಿದೆ ಎಂದು ಅವನಿಗೆ ಅನಿಸಿತು. ಅವನಿಗೆ ಸಿಕ್ಕ ಉತ್ತರವೇ ಇಂದು ಎಲ್ಲ ಕ್ರೈಸ್ತ ಪಂಗಡಗಳೂ ಹೇಳುವ ಕರ್ತನ ಪ್ರಾರ್ಥನೆ. ಇದೇ ಪ್ರಾರ್ಥನೆ ತುಸು ದೀರ್ಘವಾಗಿ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲೂ ಇದೆ. ಅದರ ಕ್ರಮವನ್ನು ನೋಡಿ. ಮೊದಲಿಗೆ ಬರುವುದು ಬೇಡುವವರ ಅಗತ್ಯಗಳಲ್ಲ. ದೇವರ ಹೆಸರು, ದೇವರ ರಾಜ್ಯ, ದೇವರ ಚಿತ್ತ. ನಂತರ ಊಟದ ಮಾತು ಬರುತ್ತದೆ, ಅದೂ ಆ ದಿನಕ್ಕೆ ಬೇಕಾದಷ್ಟು ಮಾತ್ರ. ಆಮೇಲೆ ಕ್ಷಮೆ, ಕೊನೆಯಲ್ಲಿ ಕೇಡಿನಿಂದ ಬಿಡುಗಡೆ. ಇಡೀ ಪ್ರಾರ್ಥನೆಯಲ್ಲಿ ಒಂಟಿಯಾದ 'ನಾನು' ಎಲ್ಲಿಯೂ ಬರುವುದಿಲ್ಲ. ಕೋಣೆಯ ಬಾಗಿಲು ಮುಚ್ಚಿಕೊಂಡು ಒಬ್ಬರೇ ಹೇಳಿದರೂ ಅದು ಎಲ್ಲರ ಪರವಾಗಿ ಹೇಳುವ ಪ್ರಾರ್ಥನೆ. ತನ್ನ ತಟ್ಟೆಯ ಅನ್ನವನ್ನು ಕೇಳಿಕೊಳ್ಳುವವರು ಪಕ್ಕದ ಮನೆಯ ತಟ್ಟೆಯನ್ನೂ ಸೇರಿಸಿಯೇ ಕೇಳಬೇಕಾಗುತ್ತದೆ.

ಈ ಪ್ರಾರ್ಥನೆಯಲ್ಲಿ ಒಂದೇ ಒಂದು ಕಡೆ ಬೇಡುವವರು ತಾವೇನು ಮಾಡುತ್ತೇವೆ ಎಂಬುದನ್ನು ಹೇಳಬೇಕು. ಅದು ಕ್ಷಮೆಯ ಮಾತು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಅಳತೆಯಲ್ಲೇ ನಮಗೂ ಕ್ಷಮೆ ಸಿಗಲಿ ಎಂದು ಅಲ್ಲಿ ಕೇಳಿಕೊಳ್ಳಬೇಕಾಗುತ್ತದೆ. ಮತ್ತಾಯನ ಸುವಾರ್ತೆಯಲ್ಲಿ ಪ್ರಾರ್ಥನೆ ಮುಗಿದ ಕೂಡಲೇ ಯೇಸು ವಿವರಿಸುವುದು ಈ ಭಾಗವೊಂದನ್ನೇ. ಉಳಿದವುಗಳಿಗೆ ಅಲ್ಲಿ ಟಿಪ್ಪಣಿ ಇಲ್ಲ. ಅದೇ ಬೆಟ್ಟದ ಬೋಧನೆಯಲ್ಲಿ ಸ್ವಲ್ಪ ಮೊದಲು ಇನ್ನೂ ಕಠಿಣವಾದ ಸೂಚನೆಯಿದೆ: ಕಾಣಿಕೆ ಹಿಡಿದು ಬಲಿಪೀಠದ ಮುಂದೆ ನಿಂತಾಗ ಸಹೋದರನಿಗೆ ನಿನ್ನ ಮೇಲೆ ಬೇಸರವಿದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನೊಂದಿಗೆ ಸಮಾಧಾನ ಮಾಡಿಕೊಂಡು ಬಾ ಎಂಬುದು ಅದರ ತಾತ್ಪರ್ಯ. ಆರಾಧನೆಯನ್ನೇ ಅರ್ಧಕ್ಕೆ ನಿಲ್ಲಿಸಿ ಹೋಗಬೇಕಾದಷ್ಟು ದೊಡ್ಡ ವಿಷಯ ಇದು. ದೇವರೊಂದಿಗಿನ ಸಂಬಂಧವನ್ನೂ ಮನುಷ್ಯರೊಂದಿಗಿನ ಸಂಬಂಧವನ್ನೂ ಬೇರೆ ಬೇರೆ ಖಾತೆಗಳಲ್ಲಿ ಇಡಲು ಈ ಪ್ರಾರ್ಥನೆ ಬಿಡುವುದಿಲ್ಲ.

ಈ ಷರತ್ತಿನ ಬಿಸಿ ಹಿಂದಿನವರಿಗೂ ತಟ್ಟಿತ್ತು. ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳ ನಡುವೆ ಬಾಳಿ, 5ನೇ ಶತಮಾನದಲ್ಲಿ ಅವರ ಉಪದೇಶಗಳನ್ನು ಬರೆದಿಟ್ಟ ಜಾನ್ ಕ್ಯಾಸಿಯನ್ ಒಂದು ಸಂಗತಿ ತಿಳಿಸುತ್ತಾರೆ. ದೇವಾಲಯದಲ್ಲಿ ಎಲ್ಲರೂ ಒಟ್ಟಾಗಿ ಕರ್ತನ ಪ್ರಾರ್ಥನೆ ಹೇಳುವಾಗ, ಕ್ಷಮೆಯ ಸಾಲು ಬಂದೊಡನೆ ಕೆಲವರು ಸುಮ್ಮನಾಗುತ್ತಿದ್ದರಂತೆ. ತಾವು ಯಾರನ್ನೂ ಕ್ಷಮಿಸಿಲ್ಲವೆಂದು ಗೊತ್ತಿದ್ದರಿಂದ, ಆ ಮಾತಿನಿಂದ ತಮ್ಮನ್ನು ತಾವೇ ಶಿಕ್ಷೆಗೆ ಒಪ್ಪಿಸಿಕೊಂಡಂತಾಗುತ್ತದೆ ಎಂಬ ಭಯ ಅವರಿಗೆ. ಅವರ ಮೌನ ತಪ್ಪಿರಬಹುದು, ಆದರೆ ಪ್ರಾರ್ಥನೆಯ ಅರ್ಥ ಅವರಿಗೆ ಚೆನ್ನಾಗಿ ತಿಳಿದಿತ್ತು. ಮುಂದಿನ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟ್ ತಮ್ಮ ಮಠಕ್ಕಾಗಿ ಬರೆದ ನಿಯಮಾವಳಿ ಇದೇ ಅರಿವನ್ನು ದಿನಚರಿಯಾಗಿಸಿತು. ಬೆಳಗಿನ ಮತ್ತು ಸಂಜೆಯ ಪ್ರಾರ್ಥನೆಯ ಕೊನೆಗೆ ಮಠಾಧಿಪತಿ ಕರ್ತನ ಪ್ರಾರ್ಥನೆಯನ್ನು ಎಲ್ಲರಿಗೂ ಕೇಳುವಂತೆ ಪೂರ್ತಿ ಹೇಳಬೇಕು ಎಂದು ಅದರ 13ನೇ ಅಧ್ಯಾಯ ವಿಧಿಸುತ್ತದೆ. ಒಟ್ಟಿಗೆ ಬಾಳುವವರ ನಡುವೆ ಜಗಳದ ಮುಳ್ಳುಗಳು ಹುಟ್ಟುತ್ತಲೇ ಇರುತ್ತವೆ. ಕ್ಷಮಿಸುತ್ತೇವೆ ಎಂದು ದಿನಕ್ಕೆರಡು ಬಾರಿ ಕೊಡುವ ಮಾತು ಅವುಗಳನ್ನು ಕಿತ್ತುಹಾಕಲಿ ಎಂಬುದು ಅಲ್ಲಿ ಕೊಟ್ಟಿರುವ ಕಾರಣ. ಸ್ವರ್ಗದ ಬಾಗಿಲು ತೆರೆಸುವುದಕ್ಕೂ ಮೊದಲು, ಒಂದೇ ಸೂರಿನಡಿ ಇರುವವರ ಮನಸ್ಸಿನ ಬಾಗಿಲು ತೆರೆಸುವ ಕೆಲಸ ಪ್ರಾರ್ಥನೆಯದು ಎಂದು ಬೆನೆಡಿಕ್ಟ್ ಅರಿತಿದ್ದರು.

ಯೇಸುವಿನ ಸ್ವಂತ ಪ್ರಾರ್ಥನೆಗಳೂ ಇದೇ ದಾರಿಯಲ್ಲಿವೆ. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ, ಇಡೀ ಊರೇ ರೋಗಿಗಳನ್ನು ಹೊತ್ತುಕೊಂಡು ಬಾಗಿಲಿಗೆ ಬಂದ ಸಂಜೆಯ ಮರುದಿನ, ಅವರು ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಾರೆ. ಶಿಷ್ಯರು ಹುಡುಕಿಕೊಂಡು ಬಂದು, ಜನ ಕಾಯುತ್ತಿದ್ದಾರೆ ಎಂದಾಗ ಅವರು ಆ ಊರಿಗೆ ಮರಳದೆ ಮುಂದಿನ ಊರುಗಳಿಗೆ ಹೊರಡುತ್ತಾರೆ. ಜನಪ್ರಿಯತೆ ಎಳೆದತ್ತ ಹೋಗದೆ ತಮ್ಮ ಕರೆಯತ್ತ ಹೋಗುವ ನಿರ್ಧಾರ ಆ ಏಕಾಂತದ ನಂತರ ಬಂತು. ಹನ್ನೆರಡು ಮಂದಿ ಶಿಷ್ಯರನ್ನು ಆರಿಸುವ ಮುನ್ನ ರಾತ್ರಿಯಿಡೀ ಬೆಟ್ಟದ ಮೇಲೆ ಪ್ರಾರ್ಥಿಸಿದರೆಂದು ಲೂಕ ಬರೆಯುತ್ತಾನೆ. ಕಡೆಗೆ ಬಂಧನದ ರಾತ್ರಿ ಗೆತ್ಸೆಮನೆ ತೋಟದಲ್ಲಿ, ಮುಂದಿರುವ ಸಂಕಟ ತಪ್ಪಿಹೋಗಲಿ ಎಂದು ಅವರು ಸಂಕೋಚವಿಲ್ಲದೆ ಬೇಡುತ್ತಾರೆ, ಅದೇ ಉಸಿರಿನಲ್ಲಿ ತಂದೆಯ ಇಚ್ಛೆಗೆ ತಮ್ಮನ್ನು ಒಪ್ಪಿಸಿಕೊಡುತ್ತಾರೆ. ಶಿಲುಬೆ ತಪ್ಪಲಿಲ್ಲ. ಆದರೆ ಬೆವರಿ, ನಡುಗಿ ಪ್ರಾರ್ಥಿಸಿದ ಆ ವ್ಯಕ್ತಿ ತೋಟದಿಂದ ಎದ್ದು ಬಂದಾಗ ಓಡಿಹೋಗಲಿಲ್ಲ, ಕತ್ತಿ ಹಿರಿದ ಶಿಷ್ಯನನ್ನು ತಡೆದರು, ಶಿಲುಬೆಗೆ ಹಾಕಿದವರಿಗಾಗಿ ಕ್ಷಮೆ ಕೋರಿದರು. ಅದೇ ರಾತ್ರಿ ಎಚ್ಚರವಾಗಿದ್ದು ಪ್ರಾರ್ಥಿಸಿ ಎಂದು ಹೇಳಿಸಿಕೊಂಡೂ ನಿದ್ದೆಹೋದ ಶಿಷ್ಯರು ಚದುರಿಹೋದರು, ಪೇತ್ರ ಯೇಸುವನ್ನು ಅರಿಯೆನೆಂದ. ಸುವಾರ್ತೆಗಳನ್ನು ಬರೆದವರು ಈ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಇಟ್ಟಿರುವುದು ಸುಮ್ಮನೆ ಅಲ್ಲ.

ದಿನವೂ ಕಲಿಯುವ ಪಾಠ

ಇಚ್ಛೆಯ ತಿದ್ದುಪಡಿ ಒಂದು ದಿನದ ಭಾವಾವೇಶದಲ್ಲಿ ಆಗುವಂಥದ್ದಲ್ಲ. ಆದ್ದರಿಂದಲೇ ಕ್ರೈಸ್ತ ಪರಂಪರೆ ಮೊದಲಿನಿಂದಲೂ ಪ್ರಾರ್ಥನೆಯನ್ನು ಹೊತ್ತಿಗೆ ಕಟ್ಟಿಹಾಕಿದೆ. ಅತ್ಯಂತ ಹಳೆಯ ಕ್ರೈಸ್ತ ಕೈಪಿಡಿಗಳಲ್ಲಿ ಒಂದಾದ 'ದಿದಖೆ' ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಬಾರಿ ಹೇಳಬೇಕೆನ್ನುತ್ತದೆ. ಬೆನೆಡಿಕ್ಟರ ನಿಯಮದಂತೆ 150 ಕೀರ್ತನೆಗಳೂ ಒಂದು ವಾರದಲ್ಲಿ ಮುಗಿಯಬೇಕು. ಮಂಗಳೂರಿನ ಕಡೆಯ ಕಥೋಲಿಕ ಮನೆಗಳಲ್ಲಿ ಸಂಜೆ ಮನೆಮಂದಿಯೆಲ್ಲ ಕುಳಿತು ಹೇಳುವ ಜಪಸರಕ್ಕೆ ಕೊಂಕಣಿಯಲ್ಲಿ 'ತೇರ್ಸ್' ಎನ್ನುತ್ತಾರೆ. ಅಜ್ಜಿಯಿಂದ ಮೊಮ್ಮಗುವಿಗೆ ಭಕ್ತಿ ದಾಟುವುದು ಅಲ್ಲಿಯೇ. ಪ್ರೊಟೆಸ್ಟೆಂಟ್ ಮನೆಗಳಲ್ಲಿ ಅದರ ಜಾಗದಲ್ಲಿ ಸತ್ಯವೇದದ ಪಾರಾಯಣ, ಒಂದು ಹಾಡು, ಕುಟುಂಬ ಪ್ರಾರ್ಥನೆ ಇರುತ್ತವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಶಾಲೆ, ಮುದ್ರಣಾಲಯಗಳ ಜೊತೆಗೆ ಕನ್ನಡದಲ್ಲಿ ಹಾಡುಗಳನ್ನು ಸಿದ್ಧಪಡಿಸಿದ್ದೂ ಇದಕ್ಕಾಗಿ. ನಿಘಂಟುಕಾರರೆಂದು ನಾವೆಲ್ಲ ಗೌರವಿಸುವ ಫರ್ಡಿನಂಡ್ ಕಿಟ್ಟೆಲ್ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಕಟ್ಟಿದರು. ಮನೆಯ ಮಾತಿನಲ್ಲಿ ಹಾಡಿ ಬೇಡಿದ್ದು ಮನಸ್ಸಿನ ಒಳಕ್ಕೆ ಇಳಿಯುತ್ತದೆ ಎಂಬ ತಿಳಿವಳಿಕೆ ಆ ಶ್ರಮದ ಹಿಂದಿದೆ.

ಹೀಗೆ ಗಂಟೆ ಹೊಡೆದಂತೆ ಅದೇ ಮಾತುಗಳನ್ನು ಹೇಳುವುದು ಯಾಂತ್ರಿಕವಲ್ಲವೇ ಎಂಬ ಆಕ್ಷೇಪ ಇಲ್ಲಿಯೇ ಏಳುತ್ತದೆ. ಅರ್ಥವಿಲ್ಲದೆ ಮಾತುಗಳನ್ನು ಪೇರಿಸುವುದರ ವಿರುದ್ಧ ಯೇಸುವೇ ಎಚ್ಚರಿಸಿದ್ದರು, ನಿಜ. ಆದರೆ ಆ ಎಚ್ಚರಿಕೆಯ ಬೆನ್ನಲ್ಲೇ ಅವರು ಕಲಿಸಿದ್ದು ಕಂಠಪಾಠ ಮಾಡಬಹುದಾದ ಒಂದು ಚಿಕ್ಕ ಪ್ರಾರ್ಥನೆಯನ್ನೇ. ದೋಷ ಗೊತ್ತಾದ ಮಾತುಗಳಲ್ಲಿಲ್ಲ, ಮನಸ್ಸು ಬೇರೆಡೆ ಇರುವುದರಲ್ಲಿದೆ. ಮಾರ್ಟಿನ್ ಲೂಥರ್ 1535ರಲ್ಲಿ ವಿಟನ್‌ಬರ್ಗಿನ ತಮ್ಮ ಕ್ಷೌರಿಕ ಪೀಟರನ ಕೋರಿಕೆಗೆ ಉತ್ತರವಾಗಿ ಪ್ರಾರ್ಥನೆಯ ಸರಳ ವಿಧಾನವನ್ನು ವಿವರಿಸುವ ಕಿರುಹೊತ್ತಿಗೆ ಬರೆದರು. ಯೂರೋಪಿನ ಧರ್ಮ ರಾಜಕೀಯವನ್ನೇ ಅಲುಗಾಡಿಸಿದ ಪಂಡಿತ ಒಬ್ಬ ಕ್ಷೌರಿಕನಿಗಾಗಿ ಕುಳಿತು ಬರೆದದ್ದು ಅದು. ಒಳ್ಳೆಯ ಕ್ಷೌರಿಕ ಕತ್ತಿಯ ಅಂಚಿನ ಮೇಲೆ ಕಣ್ಣು ನೆಟ್ಟಿರುತ್ತಾನೆ, ಹರಟುತ್ತ ಕೂತರೆ ಗಿರಾಕಿಯ ಮೂಗನ್ನೋ ಗಂಟಲನ್ನೋ ಕೊಯ್ದಾನು. ಪ್ರಾರ್ಥನೆಗೂ ಅಂಥದ್ದೇ ಗಮನ ಬೇಕು ಎಂದು ಲೂಥರ್ ತಿಳಿಹೇಳುತ್ತಾರೆ. ಗೊತ್ತಿರುವ ಒಂದೊಂದು ವಾಕ್ಯವನ್ನೂ ಎತ್ತಿಕೊಂಡು ಅದರಿಂದ ಉಪದೇಶ, ಕೃತಜ್ಞತೆ, ಪಾಪನಿವೇದನೆ, ಬಿನ್ನಹ ಎಂಬ ನಾಲ್ಕು ಎಳೆಗಳ ಹಾರ ಕಟ್ಟುವುದು ಅವರು ಹೇಳಿಕೊಟ್ಟ ಕ್ರಮ. ನಡುವೆ ಒಂದು ವಾಕ್ಯವೇ ಮನಸ್ಸನ್ನು ಹಿಡಿದು ನಿಲ್ಲಿಸಿದರೆ ಉಳಿದುದನ್ನು ಬಿಟ್ಟು ಅಲ್ಲಿಯೇ ತಂಗಬೇಕು ಎಂದೂ ಸೇರಿಸುತ್ತಾರೆ. ಹಳೆಯ ಮಾತುಗಳ ಪ್ರಯೋಜನ ಇದು: ನಮಗೆ ಅನಿಸಿದ್ದನ್ನಷ್ಟೇ ಹೇಳಿದರೆ ನಾವು ಈಗಾಗಲೇ ಇರುವಷ್ಟೇ ಇರುತ್ತೇವೆ, ನಮಗಿಂತ ದೊಡ್ಡ ಮಾತುಗಳನ್ನು ಹೇಳುತ್ತ ಹೋದರೆ ನಿಧಾನವಾಗಿ ಅವುಗಳ ಎತ್ತರಕ್ಕೆ ಬೆಳೆಯಬೇಕಾಗುತ್ತದೆ.

ಎಲ್ಲ ಬಲ್ಲವನಿಗೆ ಹೇಳುವುದೇಕೆ?

ಎರಡನೆಯ ಆಕ್ಷೇಪ ತುಂಬ ಹಳೆಯದು. ದೇವರು ಎಲ್ಲವನ್ನೂ ಬಲ್ಲವನಾದರೆ, ಮುಂದಾಗುವುದೂ ಅವನಿಗೆ ಗೊತ್ತಿದ್ದರೆ, ಬೇಡುವ ಅಗತ್ಯವೇನು? 3ನೇ ಶತಮಾನದಲ್ಲಿ ಒರಿಜೆನ್ ಎಂಬ ವಿದ್ವಾಂಸರಿಗೆ ಅವರ ಗೆಳೆಯ ಆಂಬ್ರೋಸ್ ಇದೇ ಪ್ರಶ್ನೆ ಮುಂದಿಟ್ಟಿದ್ದರು. ಪ್ರಾರ್ಥನೆಯನ್ನು ಕುರಿತ ಒರಿಜೆನ್ನರ ಗ್ರಂಥ ಅದಕ್ಕೆ ಉತ್ತರಿಸುತ್ತದೆ. ಮನುಷ್ಯರ ಸ್ವತಂತ್ರ ಆಯ್ಕೆಗಳನ್ನೂ ಅವರ ಪ್ರಾರ್ಥನೆಗಳನ್ನೂ ಮೊದಲೇ ಬಲ್ಲ ದೇವರು ಅವನ್ನು ಸೇರಿಸಿಕೊಂಡೇ ತನ್ನ ವ್ಯವಸ್ಥೆಯನ್ನು ರೂಪಿಸಿದ್ದಾನೆ ಎಂಬುದು ಅವರ ವಾದ. ಇನ್ನೂ ಹೃದಯಕ್ಕೆ ಹತ್ತಿರವಾದ ಉತ್ತರ ಅಗಸ್ಟೀನರದು. 410ರಲ್ಲಿ ರೋಮ್ ನಗರ ಸೂರೆಹೋದ ಬಳಿಕ ಉತ್ತರ ಆಫ್ರಿಕಾಕ್ಕೆ ವಲಸೆ ಬಂದ ಪ್ರೋಬಾ ಎಂಬ ಶ್ರೀಮಂತ ವಿಧವೆ, ಹೇಗೆ ಪ್ರಾರ್ಥಿಸಬೇಕೆಂದು ಅವರನ್ನು ಕೇಳಿದಳು. ಅಗಸ್ಟೀನರು ದೀರ್ಘ ಪತ್ರ ಬರೆದರು. ನಮ್ಮ ಅಗತ್ಯ ದೇವರಿಗೆ ತಿಳಿಯಲಿ ಎಂದು ನಾವು ಪ್ರಾರ್ಥಿಸುವುದಿಲ್ಲ; ಪ್ರಾರ್ಥನೆಯಿಂದ ನಮ್ಮ ಬಯಕೆ ಪಳಗುತ್ತದೆ, ದೇವರು ಕೊಡಲು ಸಿದ್ಧವಾಗಿರುವುದನ್ನು ತುಂಬಿಕೊಳ್ಳುವಷ್ಟು ಅದು ಹಿಗ್ಗುತ್ತದೆ ಎಂಬುದು ಆ ಪತ್ರದ ತಿರುಳು. ಸಂಪತ್ತು, ಸ್ಥಾನ ಎಲ್ಲವನ್ನೂ ಕಂಡು, ತನ್ನ ನಗರವೇ ಕುಸಿದದ್ದನ್ನೂ ಕಂಡ ಹೆಂಗಸಿಗೆ ಬರೆದ ಮಾತಿದು. ಬಯಸಬೇಕಾದದ್ದು ಯಾವುದು ಎಂಬುದೇ ಅವಳ ಎದುರಿನ ನಿಜವಾದ ಪ್ರಶ್ನೆಯಾಗಿತ್ತು. ಇಂದಿಗೂ ಎಲ್ಲರ ಪ್ರಶ್ನೆ ಅದೇ.

ಬೇಡಿದ್ದು ಸಿಗದಾಗ ಏಳುವ ಮೂರನೆಯ ಆಕ್ಷೇಪ ತರ್ಕದ್ದಲ್ಲ, ನೋವಿನದು. ಆಸ್ಪತ್ರೆಯ ಹಾಸಿಗೆಯ ಪಕ್ಕ ಕುಳಿತು ಅತ್ತು ಬೇಡಿದವರ ಮಗು ಉಳಿಯಲಿಲ್ಲವೆಂದರೆ ಏನು ಹೇಳುವುದು? ಇಲ್ಲಿ ಸುಲಭದ ಉತ್ತರ ಕೊಡುವವರನ್ನು ನಂಬಬಾರದು. ನಿಮ್ಮ ವಿಶ್ವಾಸ ಸಾಲದು ಎಂದು ಹೇಳುವ ಬೋಧಕರು ಗಾಯದ ಮೇಲೆ ಬರೆ ಎಳೆಯುತ್ತಾರೆ, ಸತ್ಯವೇದಕ್ಕೂ ವಿರುದ್ಧವಾಗಿ ಮಾತನಾಡುತ್ತಾರೆ. ಗೆತ್ಸೆಮನೆಯಲ್ಲಿ ಯೇಸುವಿನ ಬೇಡಿಕೆಯೇ ಈಡೇರಲಿಲ್ಲ. ಅವರ ವಿಶ್ವಾಸ ಸಾಲದಾಗಿತ್ತೇ? ತನ್ನ ದೇಹಕ್ಕೆ ನಾಟಿದ ಒಂದು ಮುಳ್ಳನ್ನು ತೆಗೆಯಬೇಕೆಂದು ಮೂರು ಸಲ ಬೇಡಿಕೊಂಡೆನೆಂದು ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಹೇಳುತ್ತಾನೆ. ಮುಳ್ಳು ಹೋಗಲಿಲ್ಲ, ಅದನ್ನು ತಾಳುವ ಕೃಪೆ ಸಿಕ್ಕಿತು. ಇನ್ನು ಕೀರ್ತನೆಗಳ ಗ್ರಂಥವನ್ನು ತೆರೆದರೆ ಅದರ ಸುಮಾರು ಮೂರನೆಯ ಒಂದು ಭಾಗ ಗೋಳಾಟವೇ. 88ನೆಯ ಕೀರ್ತನೆಯಂತೂ ಯಾವ ಸಮಾಧಾನದ ಮಾತೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ದೇವರೊಂದಿಗೆ ಜಗಳವಾಡುವ, ಏಕೆ ಮರೆತೆ ಎಂದು ಕೇಳುವ ಮಾತುಗಳನ್ನು ಯೆಹೂದ್ಯರೂ ಕ್ರೈಸ್ತರೂ ತಮ್ಮ ಪವಿತ್ರ ಗ್ರಂಥದ ಒಳಗೇ ಇಟ್ಟುಕೊಂಡಿದ್ದಾರೆ. ಅದರ ಅರ್ಥ, ಉತ್ತರ ಸಿಗದ ನೋವಿಗೂ ಪ್ರಾರ್ಥನೆಯಲ್ಲಿ ಜಾಗವಿದೆ. ದುಃಖವನ್ನು ಮುಚ್ಚಿಟ್ಟು ಹೊಗಳಿಕೆಯನ್ನಷ್ಟೇ ಒಪ್ಪಿಸುವುದು ಭಕ್ತಿಯಲ್ಲ. ಏಕೆ ಎಂಬ ಪ್ರಶ್ನೆಗೆ ಕ್ರೈಸ್ತ ಪ್ರಾರ್ಥನೆ ವಿವರಣೆ ಕೊಡುವುದಿಲ್ಲ. ಪ್ರಶ್ನೆ ಕೇಳುವವರ ಕೈಯನ್ನು ಅದು ಬಿಡುವುದೂ ಇಲ್ಲ.

ಅಳತೆಗೆ ಸಿಗುವುದೂ ಸಿಗದುದೂ

ಪ್ರಾರ್ಥನೆಯನ್ನು ವಿಜ್ಞಾನದ ತಕ್ಕಡಿಗೆ ಹಾಕಿ ನೋಡಿದವರೂ ಇದ್ದಾರೆ. 1872ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್, ದೇಶದ ಎಲ್ಲ ಚರ್ಚುಗಳಲ್ಲೂ ದೀರ್ಘಾಯುಸ್ಸಿಗಾಗಿ ಪ್ರಾರ್ಥಿಸಲ್ಪಡುವ ರಾಜಮನೆತನದವರು ಉಳಿದ ಸಿರಿವಂತರಿಗಿಂತ ಹೆಚ್ಚು ಕಾಲ ಬದುಕುತ್ತಿಲ್ಲ ಎಂದು ಅಂಕಿಅಂಶ ಹಿಡಿದು ತೋರಿಸಿದರು. 2006ರಲ್ಲಿ ಹಾರ್ವರ್ಡಿನ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳ ಅಧ್ಯಯನ ಪ್ರಕಟಿಸಿದರು. ಪ್ರಾರ್ಥನೆ ಇದೆಯೋ ಇಲ್ಲವೋ ತಿಳಿಯದಿದ್ದ ಎರಡು ಗುಂಪುಗಳಲ್ಲಿ, ಅಪರಿಚಿತರ ಪ್ರಾರ್ಥನೆ ಪಡೆದವರಲ್ಲಿ 52% ಮಂದಿಗೆ, ಪಡೆಯದವರಲ್ಲಿ 51% ಮಂದಿಗೆ ತೊಡಕುಗಳು ಕಾಣಿಸಿಕೊಂಡವು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ತಿಳಿದಿದ್ದ ಮೂರನೆಯ ಗುಂಪಿನಲ್ಲಿ ಆ ಪ್ರಮಾಣ 59% ಇತ್ತು. ಈ ಫಲಿತಾಂಶವನ್ನು ಮುಚ್ಚಿಡುವ ಅಗತ್ಯ ಕ್ರೈಸ್ತರಿಗಿಲ್ಲ. ಇಂತಿಷ್ಟು ಪ್ರಾರ್ಥನೆಗೆ ಇಂತಿಷ್ಟು ಗುಣ ಎಂಬ ಲೆಕ್ಕದಲ್ಲಿ ಕೆಲಸ ಮಾಡುವ ತಂತ್ರ ಪ್ರಾರ್ಥನೆಯಾಗಿದ್ದರೆ ಆ ಪ್ರಯೋಗ ಅದನ್ನು ಸೋಲಿಸಿತು ಎನ್ನಬಹುದಿತ್ತು. ಆದರೆ ಪ್ರಾರ್ಥನೆ ಒಂದು ಕೋರಿಕೆ, ಕೋರಿಕೆಯನ್ನು ಕೇಳಿದವರು ಒಪ್ಪಬಹುದು, ಒಪ್ಪದಿರಬಹುದು. ಯಾವಾಗಲೂ ಫಲ ಕೊಡುವುದಾದರೆ ಅದು ಮಾಟವಾಗುತ್ತಿತ್ತು, ದೇವರು ಮನುಷ್ಯನ ಕೈಯ ಉಪಕರಣವಾಗುತ್ತಿದ್ದ. ದೇವರನ್ನು ಪರೀಕ್ಷಿಸಬಾರದೆಂದು ಅಡವಿಯಲ್ಲಿ ಯೇಸು ಸೈತಾನನಿಗೆ ಕೊಟ್ಟ ಉತ್ತರದ ತಿರುಳೂ ಇದೇ.

ಈ ಮಾತನ್ನು ಕೆಲವರು ತಪ್ಪಾಗಿ ಹಿಡಿಯಬಹುದು. ಹಾಗಾದರೆ ಬದಲಾಗುವುದು ಬೇಡುವವರ ಮನಸ್ಸು ಮಾತ್ರ; ಅದಕ್ಕೆ ದೇವರೇಕೆ, ಧ್ಯಾನವೋ ಮನಶ್ಶಾಸ್ತ್ರದ ಯಾವುದೋ ಅಭ್ಯಾಸವೋ ಸಾಲದೇ ಎಂದು ಅವರು ಕೇಳುತ್ತಾರೆ. ಧ್ಯಾನದಿಂದ ಮನಸ್ಸು ಶಾಂತವಾಗುವುದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಕ್ರೈಸ್ತ ಪ್ರಾರ್ಥನೆ ಬಯಸುವುದು ಶಾಂತಿಯನ್ನಷ್ಟೇ ಅಲ್ಲ. ಅದು ತನ್ನಿಂದ ಬೇರೆಯಾದ, ತನಗೆ ಇಲ್ಲವೆನ್ನಬಲ್ಲ ಒಬ್ಬನ ಎದುರು ನಿಲ್ಲುವುದು. ತನ್ನ ಜೊತೆ ತಾನೇ ಮಾತಾಡಿಕೊಳ್ಳುವಾಗ ತೀರ್ಪು ಯಾವಾಗಲೂ ತನ್ನ ಕಡೆಗೇ ವಾಲುತ್ತದೆ. ಇನ್ನೊಬ್ಬನ ಎದುರು ನಿಂತಾಗ ನೆಪಗಳು ನಿಲ್ಲುವುದಿಲ್ಲ. ಜೊತೆಗೆ, ಕ್ರೈಸ್ತರು ಬೇರೆಯವರಿಗಾಗಿ ಪ್ರಾರ್ಥಿಸುತ್ತಾರೆ. ಶತ್ರುಗಳಿಗಾಗಿಯೂ ಪ್ರಾರ್ಥಿಸಬೇಕೆಂಬ ಅಪ್ಪಣೆ ಅವರಿಗಿದೆ. ಜರ್ಮನಿಯ ದೇವಶಾಸ್ತ್ರಜ್ಞ ಡೀಟ್ರಿಶ್ ಬಾನ್‌ಹಾಫರ್ ಹಿಟ್ಲರನ ಆಳ್ವಿಕೆಯಲ್ಲಿ ಫಿಂಕನ್‌ವಾಲ್ಡೆ ಎಂಬಲ್ಲಿ ಪಾದ್ರಿಗಳ ತರಬೇತಿ ಕೇಂದ್ರ ನಡೆಸಿದರು. ಅದನ್ನು 1937ರಲ್ಲಿ ಗೆಸ್ಟಾಪೊ ಮುಚ್ಚಿಸಿತು. ಅಲ್ಲಿನ ಸಹಬಾಳುವೆಯನ್ನು ಕುರಿತು ಬರೆದ ಪುಸ್ತಕದಲ್ಲಿ ಅವರು ಹೇಳುವ ಅನುಭವ ಸ್ಪಷ್ಟ: ಒಬ್ಬರಿಗಾಗಿ ನಿಜವಾಗಿ ಪ್ರಾರ್ಥಿಸತೊಡಗಿದ ಮೇಲೆ, ಅವರು ಎಷ್ಟೇ ತೊಂದರೆ ಕೊಟ್ಟವರಾದರೂ, ಅವರನ್ನು ದ್ವೇಷಿಸುತ್ತ ಉಳಿಯಲು ಆಗುವುದಿಲ್ಲ. ಸಹಿಸಲಾರದ ಆ ಮುಖ ಕ್ರಿಸ್ತನು ಯಾರಿಗಾಗಿ ಪ್ರಾಣ ಕೊಟ್ಟನೋ ಅವರ ಮುಖವಾಗಿ ತೋರತೊಡಗುತ್ತದೆ. ಇಂಥ ಬದಲಾವಣೆ ತನ್ನೊಳಗೇ ಮುಳುಗಿದ ಮನಸ್ಸಿನಿಂದ ಬರುವಂಥದ್ದಲ್ಲ.

ಮಂಡಿಯೂರಿದವರು ಎದ್ದು ನಡೆದದ್ದು

ಕೊನೆಯ ಆಕ್ಷೇಪ ಅತ್ಯಂತ ಗಂಭೀರವಾದದ್ದು. ಪ್ರಾರ್ಥನೆ ಕೆಲಸದಿಂದ ತಪ್ಪಿಸಿಕೊಳ್ಳುವ ದಾರಿ, ಅನ್ಯಾಯವನ್ನು ಸಹಿಸಿಕೊಳ್ಳಲು ಕಲಿಸುವ ಮಂಪರು ಎಂಬುದು ಅದು. ಹಾಗೆ ಬಳಸಿಕೊಂಡವರು ಇದ್ದಾರೆ, ಈಗಲೂ ಇದ್ದಾರೆ. ಆದರೆ ಅವರ ಮೇಲಿನ ಮೊದಲ ಆರೋಪಪಟ್ಟಿ ಸತ್ಯವೇದದಲ್ಲೇ ಇದೆ. ರಕ್ತ ಹತ್ತಿದ ಕೈಗಳನ್ನು ಚಾಚಿ ಎಷ್ಟು ಪ್ರಾರ್ಥಿಸಿದರೂ ದೇವರು ಮುಖ ತಿರುಗಿಸುತ್ತಾನೆ, ಮೊದಲು ಅನಾಥರಿಗೆ ನ್ಯಾಯ ಕೊಡಿ, ವಿಧವೆಯರ ಪರವಾಗಿ ನಿಲ್ಲಿ ಎಂದು ಪ್ರವಾದಿ ಯೆಶಾಯ ತನ್ನ ಗ್ರಂಥದ ಮೊದಲ ಅಧ್ಯಾಯದಲ್ಲೇ ಗುಡುಗುತ್ತಾನೆ. ಬಟ್ಟೆಯಿಲ್ಲದ, ಹಸಿದ ಸಹೋದರನಿಗೆ ಒಳ್ಳೆಯದಾಗಲಿ ಎಂದು ಹರಸಿ ಬರಿಗೈಯಲ್ಲಿ ಕಳಿಸುವುದರಿಂದ ಏನು ಪ್ರಯೋಜನವೆಂದು ಯಾಕೋಬನ ಪತ್ರ ಕೇಳುತ್ತದೆ. ಬಾನ್‌ಹಾಫರ್ 1944ರಲ್ಲಿ ಸೆರೆಮನೆಯಿಂದ ಬರೆಯುತ್ತ, ಇನ್ನು ಮುಂದೆ ಕ್ರೈಸ್ತರಾಗಿರುವುದೆಂದರೆ ಪ್ರಾರ್ಥಿಸುವುದು ಮತ್ತು ಜನರ ನಡುವೆ ನ್ಯಾಯದ ಕೆಲಸ ಮಾಡುವುದು, ಇವೆರಡೇ ಎಂದರು. ಹಿಟ್ಲರನ ವಿರುದ್ಧದ ಸಂಚಿನಲ್ಲಿ ಪಾಲುಗೊಂಡಿದ್ದಕ್ಕಾಗಿ 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು. ಅವರ ಪ್ರಾರ್ಥನೆ ಅವರನ್ನು ಸುಮ್ಮನೆ ಕೂರಲು ಬಿಟ್ಟಿರಲಿಲ್ಲ.

ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಅವರದೂ ಇದೇ ಕಥೆ. ಅಮೆರಿಕದ ಮಾಂಟ್ಗಮರಿಯಲ್ಲಿ ವರ್ಣಭೇದದ ವಿರುದ್ಧ ಬಸ್ ಬಹಿಷ್ಕಾರ ನಡೆಯುತ್ತಿದ್ದಾಗ, 1956ರ ಜನವರಿಯ ಒಂದು ರಾತ್ರಿ ಕೊಲೆಬೆದರಿಕೆಯ ಫೋನ್ ಬಂದು ಅವರು ಕುಗ್ಗಿಹೋದರು. ಅಡುಗೆಮನೆಯ ಮೇಜಿನ ಮುಂದೆ ಕುಳಿತು, ತನ್ನಲ್ಲಿ ಶಕ್ತಿ ಉಳಿದಿಲ್ಲವೆಂದು ದೇವರ ಮುಂದೆ ಗಟ್ಟಿಯಾಗಿ ಹೇಳಿಕೊಂಡದ್ದನ್ನೂ ಆಗ ಒಳಗೆ ಧೈರ್ಯ ತುಂಬಿದ್ದನ್ನೂ ಅವರೇ ಬರೆದಿದ್ದಾರೆ. ಕೆಲವೇ ದಿನಗಳಲ್ಲಿ ಅವರ ಮನೆಗೆ ಬಾಂಬು ಬಿತ್ತು. ಸೇಡಿಗಾಗಿ ಆಯುಧ ಹಿಡಿದು ಸೇರಿದ ಜನರನ್ನು ಅವರು ಅದೇ ಮನೆಯ ಮುಂದೆ ನಿಂತು ಸಮಾಧಾನಪಡಿಸಿ ಕಳಿಸಿದರು. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಚಳವಳಿಯ ಸ್ವಯಂಸೇವಕರು ಸಹಿ ಹಾಕಬೇಕಿದ್ದ ಪ್ರತಿಜ್ಞೆಯ ಕಾರ್ಡಿನಲ್ಲಿ ದಿನವೂ ಪ್ರಾರ್ಥಿಸಬೇಕೆಂಬುದೂ ಒಂದು ಅಂಶವಾಗಿತ್ತು. ನಾಯಿ ಛೂಬಿಟ್ಟರೂ ಕೈಯೆತ್ತದೆ ನಿಲ್ಲುವ ಮನಸ್ಸನ್ನು ಮೊದಲೇ ಹದಗೊಳಿಸಬೇಕಿತ್ತು. ಪೂರ್ವ ಜರ್ಮನಿಯ ಲೈಪ್ಸಿಗ್‌ನಲ್ಲಿ ಸಂತ ನಿಕೊಲಾಸ್ ಚರ್ಚು 1982ರಿಂದ ಪ್ರತಿ ಸೋಮವಾರ ಶಾಂತಿಗಾಗಿ ಪ್ರಾರ್ಥನೆ ನಡೆಸುತ್ತಿತ್ತು. ಎಷ್ಟೋ ಸೋಮವಾರಗಳಲ್ಲಿ ಬರುತ್ತಿದ್ದವರು ಬೆರಳೆಣಿಕೆಯ ಮಂದಿ. 1989ರ ಅಕ್ಟೋಬರ್ 9ರಂದು ಪ್ರಾರ್ಥನೆ ಮುಗಿದ ಮೇಲೆ ಸುಮಾರು 70,000 ಜನ ಸಶಸ್ತ್ರ ಪೊಲೀಸರ ಎದುರು ಬೀದಿಯಲ್ಲಿ ನಡೆದರು. ಒಂದು ಕಲ್ಲೂ ತೂರಲಿಲ್ಲ, ಒಂದು ಗುಂಡೂ ಹಾರಲಿಲ್ಲ. ತಿಂಗಳು ಕಳೆಯುವುದರಲ್ಲಿ ಬರ್ಲಿನ್ ಗೋಡೆ ತೆರೆಯಿತು. ಗೋಡೆ ಉರುಳಿದ್ದಕ್ಕೆ ರಾಜಕೀಯ, ಆರ್ಥಿಕ ಕಾರಣಗಳು ಹಲವು. ಆದರೆ ಆ ರಾತ್ರಿ ರಕ್ತ ಹರಿಯದಿದ್ದುದರಲ್ಲಿ ಏಳು ವರ್ಷಗಳ ಸೋಮವಾರಗಳ ಪಾಲಿದೆ.

ನಮ್ಮ ದೇಶದಲ್ಲೂ ಮರೆಯಲಾಗದ ಸಾಕ್ಷಿಯಿದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟು ಕೊಲ್ಲಲಾಯಿತು. ಅವರ ಪತ್ನಿ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿರುವುದಾಗಿ ಬಹಿರಂಗವಾಗಿ ಹೇಳಿದರು, ಮಗಳೊಂದಿಗೆ ಬಾರಿಪದದಲ್ಲೇ ಉಳಿದು ಕುಷ್ಠರೋಗಿಗಳ ಸೇವೆಯನ್ನು ಮುಂದುವರಿಸಿದರು. 2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು. ಅವರ ಕ್ಷಮೆ ಕಾನೂನಿಗೆ ಅಡ್ಡಬರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಕ್ಷಮೆಯೆಂದರೆ ನ್ಯಾಯವನ್ನು ಕೈಬಿಡುವುದಲ್ಲ, ದ್ವೇಷವನ್ನು ಕೈಬಿಡುವುದು ಎಂಬುದು ಅಲ್ಲಿ ಸ್ಪಷ್ಟವಾಯಿತು. ಕರ್ತನ ಪ್ರಾರ್ಥನೆಯ ಆ ಷರತ್ತನ್ನು ಪೂರ್ತಿಯಾಗಿ ಹೇಳಲು ಗ್ಲಾಡಿಸ್ ಹಿಂಜರಿಯಲಿಲ್ಲ. ಹಾಗೆಯೇ ಪ್ರಾರ್ಥನೆಯೂ ಚಿಕಿತ್ಸೆಯೂ ಎದುರಾಳಿಗಳಲ್ಲ ಎಂಬುದಕ್ಕೆ ನಾವು ದೂರ ಹೋಗಬೇಕಿಲ್ಲ. 1880ರಲ್ಲಿ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಶುರುಮಾಡಿದ ಔಷಧಾಲಯ ಇಂದು ದೊಡ್ಡ ಆಸ್ಪತ್ರೆ; 1886ರಲ್ಲಿ ಕ್ರೈಸ್ತ ಸನ್ಯಾಸಿನಿಯರು ಆರಂಭಿಸಿದ ಬೆಂಗಳೂರಿನ ಸಂತ ಮಾರ್ಥಾ ಆಸ್ಪತ್ರೆ ಇಂದಿಗೂ ನಡೆಯುತ್ತಿದೆ. ಬೆಳಗಿನ ಪ್ರಾರ್ಥನೆ ಮುಗಿಸಿ ವಾರ್ಡಿಗೆ ನಡೆದವರು ಕಟ್ಟಿ ಬೆಳೆಸಿದ ಸಂಸ್ಥೆಗಳಿವು. ಮಾತ್ರೆ ಬಿಟ್ಟುಬಿಡಿ, ಪ್ರಾರ್ಥನೆಯೇ ಸಾಕು ಎನ್ನುವವರು ಈ ಪರಂಪರೆಯ ವಾರಸುದಾರರಲ್ಲ.

ಇಷ್ಟನ್ನು ನೋಡಿದ ಮೇಲೆ ತೀರ್ಮಾನ ಹೇಳಬಹುದು. ಪ್ರಾರ್ಥನೆಯಿಲ್ಲದೆಯೂ ಚರ್ಚಿಗೆ ಹೋಗಬಹುದು, ಹಬ್ಬ ಆಚರಿಸಬಹುದು, ದಾನ ಮಾಡಬಹುದು, ವಾದದಲ್ಲಿ ಗೆಲ್ಲಬಹುದು. ಆದರೆ ತನ್ನ ಇಚ್ಛೆಯೇ ನಡೆಯಬೇಕೆಂಬ ಹಟ ಕರಗುವುದಿಲ್ಲ, ಆ ಹಟ ಕರಗದೆ ಕ್ರಿಸ್ತನ ದಾರಿಯಲ್ಲಿ ಒಂದು ಹೆಜ್ಜೆಯನ್ನೂ ಇಡಲಾಗುವುದಿಲ್ಲ. ಆದ್ದರಿಂದ ಕ್ರೈಸ್ತ ಓದುಗರಲ್ಲಿ ಒಂದು ಕೋರಿಕೆ: ನಿಮ್ಮ ಪ್ರಾರ್ಥನೆಯನ್ನು ಈಡೇರಿದ ಬೇಡಿಕೆಗಳ ಪಟ್ಟಿಯಿಂದ ಅಳೆಯಬೇಡಿ, ಕಳೆದ ವರ್ಷ ಕ್ಷಮಿಸಲಾರದೆ ಹೋದವರನ್ನು ಈ ವರ್ಷ ಕ್ಷಮಿಸಲು ಸಾಧ್ಯವಾಗಿದೆಯೇ ಎಂಬುದರಿಂದ ಅಳೆಯಿರಿ. ಬೇರೆ ಶ್ರದ್ಧೆಯ ಓದುಗರೂ ನೆರೆಯ ಕ್ರೈಸ್ತರನ್ನು ಅದೇ ಅಳತೆಯಿಂದ ಅಳೆಯಬಹುದು. ತಮ್ಮ ಪ್ರಾರ್ಥನೆಯ ಮಾತಿಗೆ ತಾವು ಬದ್ಧರೇ ಎಂದು ಕೇಳುವ ಹಕ್ಕು ನಿಮಗಿದೆ, ಅದಕ್ಕೆ ಬದುಕಿನಿಂದಲೇ ಉತ್ತರಿಸುವ ಹೊಣೆ ಅವರದು.